ವಾಲ್‌ಚಂದ್ ಹೀರಾಚಂದ್ (1882–1953): ಬೆಂಗಳೂರಿನ ವಿಮಾನ ಕಾರ್ಖಾನೆಯ ಸ್ಥಾಪಕರ ಜೀವನ ಪರಿಚಯ

ಪೀಠಿಕೆ

ಭಾರತದಲ್ಲಿ ಆಧುನಿಕ ಹಡಗು, ವಿಮಾನ ಮತ್ತು ಮೋಟಾರು ವಾಹನಗಳ ತಯಾರಿಕೆಗೆ ಅಡಿಪಾಯ ಹಾಕಿದ ಉದ್ಯಮಿಗಳಲ್ಲಿ ಶ್ರೀ ವಾಲ್‌ಚಂದ್ ಹೀರಾಚಂದ್ ಅವರ ಹೆಸರು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್.ಎ.ಎಲ್.) ಸಂಸ್ಥೆಯ ಹೆಸರನ್ನು ಅರಿಯದವರು ನಾಡಿನಲ್ಲಿ ವಿರಳ. ಆದರೆ ಈ ಸಂಸ್ಥೆಯು ಆರಂಭದಲ್ಲಿ ಒಂದು ಖಾಸಗಿ ಕಂಪನಿಯಾಗಿತ್ತು ಎಂಬುದು, ಅದರ ಸ್ಥಾಪಕರ ಕೈಯಲ್ಲಿ ಅದು ಉಳಿದದ್ದು ಕೇವಲ ಸುಮಾರು ಹದಿನಾರು ತಿಂಗಳು ಎಂಬುದು ಮತ್ತು ಅಲ್ಲಿ ಜೋಡಿಸಲ್ಪಟ್ಟ ಮೊದಲ ವಿಮಾನವು ಒಂದು ಲಘು ತರಬೇತಿ ವಿಮಾನವಾಗಿತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ.

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ನಾಗರಿಕರಿಗೆ ಈ ಜೀವನ ಚರಿತ್ರೆಯು ಎರಡು ಕಾರಣಗಳಿಂದ ಸಮೀಪವಾದುದಾಗಿದೆ. ಮೊದಲನೆಯದಾಗಿ, ಈ ಮೂರು ತಾಲ್ಲೂಕುಗಳು ದಿನಾಂಕ 01-11-1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ವಾಲ್‌ಚಂದ್ ಅವರು ಹುಟ್ಟಿ, ಬೆಳೆದು, ಉದ್ಯಮ ನಡೆಸಿದ ಪ್ರಾಂತ್ಯವೂ ಅದೇ ಆಗಿತ್ತು. ಎರಡನೆಯದಾಗಿ, ಅವರು ತಮ್ಮ ಜೀವಿತದ ಮೂವತ್ತು ವರ್ಷಗಳನ್ನು ಭಾರತದ ಕರಾವಳಿಯ ಸಾಗಾಟವು ಭಾರತೀಯರ ಹಡಗುಗಳಲ್ಲೇ ನಡೆಯಬೇಕೆಂಬ ಹೋರಾಟಕ್ಕೆ ಮೀಸಲಿಟ್ಟರು. ಬಂದರುಗಳನ್ನೇ ನಂಬಿ ಬದುಕಿದ ಈ ತೀರಕ್ಕೆ ಆ ಪ್ರಶ್ನೆಯು ಹೊರಗಿನದಾಗಿರಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ವಾಲ್‌ಚಂದ್ ಅವರು ದಿನಾಂಕ 23-11-1882ರಂದು ಸೊಲ್ಲಾಪುರದಲ್ಲಿ, ಗುಜರಾತಿ ಮೂಲದ ದಿಗಂಬರ ಜೈನ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಹೀರಾಚಂದ್ ದೋಶಿ ಅವರು ಹತ್ತಿ ವ್ಯಾಪಾರ ಹಾಗೂ ಲೇವಾದೇವಿಯಲ್ಲಿ ತೊಡಗಿದ್ದರು. ಜನನವಾದ ಕೆಲವೇ ದಿನಗಳಲ್ಲಿ ತಾಯಿಯನ್ನು ಕಳೆದುಕೊಂಡ ಶಿಶುವನ್ನು ಕುಟುಂಬದ ಇತರ ಹಿರಿಯರು ಸಾಕಿ ಬೆಳೆಸಿದರು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು ಮತ್ತು ಪುಣೆಯ ಡೆಕ್ಕನ್ ಕಾಲೇಜುಗಳಲ್ಲಿ ವ್ಯಾಸಂಗ ಮಾಡಿದರಾದರೂ, ಪದವಿಯನ್ನು ಪೂರ್ಣಗೊಳಿಸದೆ ಕುಟುಂಬದ ವ್ಯವಹಾರಕ್ಕೆ ಮರಳಿದರು.

ಲೇವಾದೇವಿಯ ಕೆಲಸವು ಅವರ ಮನಸ್ಸಿಗೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದು ನಂತರ ಗುತ್ತಿಗೆದಾರರಾದ ಲಕ್ಷ್ಮಣರಾವ್ ಫಾಟಕ್ ಅವರೊಂದಿಗೆ ಪಾಲುದಾರಿಕೆ ಮಾಡಿಕೊಂಡು, ಬಾರ್ಶಿ ಲಘು ರೈಲುಮಾರ್ಗದ ಕಾಮಗಾರಿಯ ಮೂಲಕ ನಿರ್ಮಾಣ ಕ್ಷೇತ್ರವನ್ನು ಪ್ರವೇಶಿಸಿದರು. ಮುಂದೆ ಮುಂಬಯಿ–ಪುಣೆ ನಡುವಿನ ಭೋರ್ ಘಾಟಿನಲ್ಲಿ ರೈಲ್ವೆ ಸುರಂಗಗಳ ನಿರ್ಮಾಣದಂತಹ ಕಠಿಣ ಕಾಮಗಾರಿಗಳನ್ನು ಅವರ ಸಂಸ್ಥೆಗಳು ಕೈಗೊಂಡವು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಲಾಯಿತು.

ಹಡಗು ಉದ್ಯಮ ಮತ್ತು ಕರಾವಳಿಯ ಹಕ್ಕು

ಮೊದಲ ಮಹಾಯುದ್ಧವು ಮುಗಿದ ಬಳಿಕ, ಗ್ವಾಲಿಯರ್ ಮಹಾರಾಜರ ಬಳಿಯಿದ್ದ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿದೆ ಎಂಬ ವಿಷಯವು ವಾಲ್‌ಚಂದ್ ಅವರ ಗಮನಕ್ಕೆ ಬಂದಿತು. ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ಬಳಕೆಯಾಗಿದ್ದ ಇದನ್ನು ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್ ಮೊದಲಾದವರ ಜೊತೆಗೂಡಿ ಖರೀದಿಸಲಾಯಿತು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯು ಹೀಗೆ ಅಸ್ತಿತ್ವಕ್ಕೆ ಬಂದಿತು. ದಿನಾಂಕ 05-04-1919ರಂದು ಲಾಯಲ್ಟಿ ಹಡಗು ಮುಂಬಯಿಯಿಂದ ಲಂಡನ್ನಿನತ್ತ ಪ್ರಯಾಣ ಬೆಳೆಸಿತು. ಈ ದಿನದ ಸ್ಮರಣಾರ್ಥವಾಗಿಯೇ ಪ್ರತಿ ವರ್ಷ ಏಪ್ರಿಲ್ 5ನ್ನು ರಾಷ್ಟ್ರೀಯ ಸಾಗರಯಾನ ದಿನವನ್ನಾಗಿ ಆಚರಿಸಲಾಗುತ್ತಿದೆ.

ಆದರೆ ಹಡಗನ್ನು ಕೊಳ್ಳುವುದಕ್ಕಿಂತ ಅದನ್ನು ಓಡಿಸಿ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ಭಾರತದ ಕರಾವಳಿಯ ಸಾಗಾಟವು ಅಂದು ಬ್ರಿಟಿಷ್ ಕಂಪನಿಗಳ ಹಿಡಿತದಲ್ಲಿತ್ತು. ಹೊಸ ಕಂಪನಿಯು ಕಣಕ್ಕಿಳಿದಾಗ ಬಲಿಷ್ಠ ಕಂಪನಿಗಳು ಸಾಗಾಟದ ದರವನ್ನು ಇಳಿಸುತ್ತಿದ್ದವು. ತಮ್ಮ ಹಡಗುಗಳಲ್ಲೇ ಸರಕು ಕಳುಹಿಸುವ ವರ್ತಕರಿಗೆ ಕೆಲವು ತಿಂಗಳ ನಂತರ ಹಣದ ಒಂದು ಭಾಗವನ್ನು ಹಿಂದಿರುಗಿಸುವ ಪದ್ಧತಿಯೂ ಇತ್ತು. ಮಧ್ಯದಲ್ಲಿ ಒಮ್ಮೆ ಬೇರೆ ಹಡಗಿಗೆ ಸರಕು ಕೊಟ್ಟ ವರ್ತಕನು ಆ ಹಣವನ್ನೆಲ್ಲ ಕಳೆದುಕೊಳ್ಳುತ್ತಿದ್ದನು. ಹೀಗಾಗಿ ಹೊಸಬರ ಹಡಗುಗಳು ಸರಕಿಲ್ಲದೆ ನಿಲ್ಲಬೇಕಾಗುತ್ತಿತ್ತು. 1928ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಾರಾಭಾಯಿ ಹಾಜಿ ಅವರು ಕರಾವಳಿ ಸಾಗಾಟವನ್ನು ಭಾರತೀಯ ಹಡಗುಗಳಿಗೆ ಮೀಸಲಿಡುವ ಮಸೂದೆಯನ್ನು ಮಂಡಿಸಿದ್ದು ಈ ಹಿನ್ನೆಲೆಯಲ್ಲಿಯೇ. ಆ ಮಸೂದೆಯು ಕಾನೂನಾಗಲಿಲ್ಲ. 1929ರಲ್ಲಿ ನರೋತ್ತಮ ಮೊರಾರ್ಜಿಯವರು ನಿಧನರಾದ ನಂತರ ಕಂಪನಿಯ ಅಧ್ಯಕ್ಷತೆಯು ವಾಲ್‌ಚಂದ್ ಅವರ ಹೆಗಲೇರಿತು.

ಸಾಗಾಟದ ದಾರಿಯು ಬದಲಾದರೆ ಊರಿನ ಭವಿಷ್ಯವೂ ಬದಲಾಗುತ್ತದೆ ಎಂಬುದಕ್ಕೆ ಕುಮಟಾ ಬಂದರೇ ನಿದರ್ಶನ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಈ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರು ಬೇರೆಯಾದರೂ ಆ ಹತ್ತಿಗೆ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಗಿತ್ತು. 1880ರ ದಶಕದಲ್ಲಿ ರೈಲು ಮಾರ್ಗವು ಹುಬ್ಬಳ್ಳಿಯಿಂದ ಮುರಗಾಂವ್ ಬಂದರಿನತ್ತ ಸಾಗಿದಾಗ ಈ ವ್ಯಾಪಾರವೂ ಅತ್ತ ಸರಿಯಿತು. ಕೊಂಕಣ ರೈಲು ಕುಮಟಾ, ಹೊನ್ನಾವರ ಮತ್ತು ಭಟ್ಕಳಗಳನ್ನು ಬೆಸೆದು ಪೂರ್ಣ ಮಾರ್ಗವಾಗಿ ತೆರೆದದ್ದು 1998ರಲ್ಲಿ. ನಡುವಿನ ನೂರಕ್ಕೂ ಹೆಚ್ಚು ವರ್ಷ ಈ ತೀರದ ಜನರು ಹಡಗು, ದೋಣಿ ಮತ್ತು ರಸ್ತೆಗಳನ್ನೇ ಅವಲಂಬಿಸಿದ್ದರು.

1937ರಿಂದ ಸಿಂಧಿಯಾ ಕಂಪನಿಯು ಮುಂಬಯಿಯಿಂದ ಹಜ್ ಯಾತ್ರಿಕರ ಸಾಗಾಟಕ್ಕೂ ಮುಂದಾಯಿತು. ಎಲ್ ಮದೀನಾ ಎಂಬ ಹಡಗನ್ನು ಇದಕ್ಕಾಗಿ ನಿಯೋಜಿಸಲಾಗಿತ್ತು. ಪಶ್ಚಿಮ ಕರಾವಳಿಯ ಯಾತ್ರಿಕರಿಗೆ ಅಂದು ಮುಂಬಯಿಯೇ ಪ್ರಮುಖ ನಿರ್ಗಮನ ಬಂದರಾಗಿತ್ತು.

ವಿಮಾನ ಕಾರ್ಖಾನೆಯ ಯೋಜನೆ

ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯದಲ್ಲಿ ಭಾರತದಲ್ಲಿ ಮೋಟಾರು ವಾಹನ ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಅಂದಿನ ಭಾರತ ಸರ್ಕಾರದ ಉತ್ತೇಜನ ದೊರೆಯದೆ ಅದು ನನೆಗುದಿಗೆ ಬಿದ್ದಿತ್ತು. ಈ ಯೋಜನೆಯನ್ನು ಮುಂದುವರಿಸಲು 1939ರಲ್ಲಿ ವಾಲ್‌ಚಂದ್ ಅವರು ಅಮೆರಿಕಕ್ಕೆ ತೆರಳಿದರು. ಮರಳುವ ಪ್ರಯಾಣದಲ್ಲಿ, ಚೀನಾ ದೇಶದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ಉದ್ಯಮಿ ವಿಲಿಯಂ ಪಾಲಿ ಅವರ ಪರಿಚಯವು ಆಕಸ್ಮಿಕವಾಗಿ ಆಯಿತು. ಎರಡನೆಯ ಮಹಾಯುದ್ಧವು ಆಗಷ್ಟೇ ಆರಂಭವಾಗಿತ್ತು. ಚೀನಾದಲ್ಲಿ ಸಾಧ್ಯವಾದುದು ಭಾರತದಲ್ಲಿ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆಯು ವಾಲ್‌ಚಂದ್ ಅವರ ಮನಸ್ಸಿನಲ್ಲಿ ಮೂಡಿತು.

ಇದಕ್ಕೆ ಸರ್ಕಾರದ ಅನುಮತಿಯು ಅತ್ಯವಶ್ಯವಾಗಿತ್ತು. ಅಮೆರಿಕದಿಂದ ಯಂತ್ರೋಪಕರಣಗಳನ್ನು ತರಿಸಲು ವಿದೇಶಿ ವಿನಿಮಯ, ತಯಾರಾದ ವಿಮಾನಗಳನ್ನು ಕೊಳ್ಳಲು ಖಚಿತ ಬೇಡಿಕೆ ಇವೆರಡೂ ಸರ್ಕಾರದ ಕೈಯಲ್ಲಿದ್ದವು. ಅಮೆರಿಕದಿಂದ ಬ್ರಿಟನ್ನಿಗೆ ಬರುವ ಸಾಮಗ್ರಿಗಳಿಗೆ ಇದರಿಂದ ಕೊರತೆಯಾದೀತೆಂಬ ಆತಂಕ ಲಂಡನ್ನಿನಲ್ಲಿತ್ತು. 1940ರ ಮಧ್ಯಭಾಗದಲ್ಲಿ ಫ್ರಾನ್ಸ್ ದೇಶವು ಪತನಗೊಂಡು ಯುದ್ಧದ ಗತಿ ಬದಲಾದ ಮೇಲೆ ಯೋಜನೆಗೆ ಒಪ್ಪಿಗೆ ದೊರೆಯಿತು.

ಮೈಸೂರು ಸಂಸ್ಥಾನದ ಸಹಕಾರ

ಕಾರ್ಖಾನೆಗೆ ಸ್ಥಳ ಹುಡುಕುವಾಗ ಹಲವು ದೇಶೀಯ ಸಂಸ್ಥಾನಗಳನ್ನು ಪರಿಶೀಲಿಸಲಾಯಿತು. ಖಚಿತವಾದ ಹಾಗೂ ಶೀಘ್ರವಾದ ಉತ್ತರ ಬಂದದ್ದು ಮೈಸೂರಿನಿಂದ. ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನ ಹೊರವಲಯದಲ್ಲಿ ಸುಮಾರು 700 ಎಕರೆ ಜಮೀನು, ವಿದ್ಯುತ್ ಮತ್ತು ನೀರಿನ ಸೌಲಭ್ಯಗಳನ್ನು ಒದಗಿಸಿದರು. ಸಂಸ್ಥಾನದ ಪರವಾಗಿ ರೂ. 25 ಲಕ್ಷ ಬಂಡವಾಳವನ್ನು ತೊಡಗಿಸಲಾಯಿತು. ಸಮುದ್ರದಿಂದ ದೂರವಿದ್ದುದು, ಹವಾಮಾನವು ಹಿತಕರವಾಗಿದ್ದುದು, ಶಿವನಸಮುದ್ರದ ವಿದ್ಯುತ್ ಲಭ್ಯವಿದ್ದುದು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯು ಅದೇ ನಗರದಲ್ಲಿದ್ದುದು ಬೆಂಗಳೂರಿನ ಅನುಕೂಲಗಳಾಗಿದ್ದವು.

ದಿನಾಂಕ 23-12-1940ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯು ಬೆಂಗಳೂರಿನಲ್ಲಿ ನೋಂದಣಿಯಾಯಿತು. ಇದರ ಅಧಿಕೃತ ಬಂಡವಾಳವು ರೂ. 4 ಕೋಟಿ ಆಗಿತ್ತು. ವಾಲ್‌ಚಂದ್ ಅವರೊಂದಿಗೆ ತುಳಸೀದಾಸ್ ಕಿಲಾಚಂದ್ ಮತ್ತು ಧರಮಸೀ ಖಟಾವ್ ಅವರೂ ಬಂಡವಾಳ ಹೂಡಿದರು. ಯಂತ್ರಗಳನ್ನು ತರಿಸುವ ಹಾಗೂ ತಂತ್ರಜ್ಞರನ್ನು ಒದಗಿಸುವ ಹೊಣೆಯನ್ನು ಪಾಲಿ ಅವರ ಸಂಸ್ಥೆಯು ಹೊತ್ತುಕೊಂಡಿತು. ಮಾರ್ಚ್ 1941ರಲ್ಲಿ ಭಾರತ ಸರ್ಕಾರವೂ ರೂ. 25 ಲಕ್ಷ ತೊಡಗಿಸಿ ಪಾಲುದಾರನಾಯಿತು. ಹೀಗೆ ಒಂದೇ ಕಂಪನಿಯಲ್ಲಿ ಖಾಸಗಿ ಉದ್ಯಮಿಗಳು, ದೇಶೀಯ ಸಂಸ್ಥಾನ ಮತ್ತು ಭಾರತ ಸರ್ಕಾರ ಎಂಬ ಮೂರು ಒಡೆತನಗಳು ಕೂಡಿದವು.

ಹಾರ್ಲೊ ಲಘು ವಿಮಾನ

ಕಾರ್ಖಾನೆಯಲ್ಲಿ ಮೂರು ಬಗೆಯ ವಿಮಾನಗಳನ್ನು ತಯಾರಿಸಲು ಉದ್ದೇಶಿಸಲಾಗಿತ್ತು. ಅವುಗಳೆಂದರೆ ಹಾರ್ಲೊ ತರಬೇತಿ ವಿಮಾನ, ಕರ್ಟಿಸ್ ಹಾಕ್ ಯುದ್ಧ ವಿಮಾನ ಮತ್ತು ವಲ್ಟಿ ಬಾಂಬರ್ ವಿಮಾನ.

ಇವುಗಳಲ್ಲಿ ಹಾರ್ಲೊ ವಿಮಾನದ ಚರಿತ್ರೆಯು ವಿಶೇಷವಾದುದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಸಡೀನಾ ಜೂನಿಯರ್ ಕಾಲೇಜಿನಲ್ಲಿ ಮ್ಯಾಕ್ಸ್ ಹಾರ್ಲೊ ಎಂಬ ಎಂಜಿನಿಯರ್ ಬೋಧಕರಾಗಿದ್ದರು. ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳು ತರಗತಿಯ ಕೆಲಸವಾಗಿ ಲೋಹದ ಲಘು ವಿಮಾನವೊಂದನ್ನು ನಿರ್ಮಿಸಿದರು. ಅದು 1937ರಲ್ಲಿ ಹಾರಾಟ ನಡೆಸಿತು. ಬಳಿಕ ಹಾರ್ಲೊ ಅವರ ಹೆಸರಿನ ಕಂಪನಿಯೊಂದು ಇದನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸಿತು. ಅದೇ ವಿನ್ಯಾಸವನ್ನು ಆಧರಿಸಿ, ಒಬ್ಬರ ಹಿಂದೆ ಒಬ್ಬರು ಕುಳಿತುಕೊಳ್ಳುವ ಎರಡು ಆಸನಗಳ ತರಬೇತಿ ವಿಮಾನವಾದ ಪಿ.ಸಿ.–5 ಅನ್ನು ರೂಪಿಸಲಾಯಿತು. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಬೇಡಿಕೆ ಬರಲಿಲ್ಲ. ಕಂಪನಿಯು ಕೆಲವೇ ವರ್ಷಗಳಲ್ಲಿ ವಿಮಾನ ತಯಾರಿಕೆಯಿಂದ ಮರೆಯಾಯಿತು. ಆದರೆ ಪಿ.ಸಿ.–5 ವಿಮಾನದ ಬಿಡಿಭಾಗಗಳು ಹಡಗಿನಲ್ಲಿ ಭಾರತಕ್ಕೆ ಬಂದವು.

ಕಂಪನಿ ನೋಂದಣಿಯಾದ ಎಂಟು ತಿಂಗಳೊಳಗೆ, ಅಂದರೆ ಆಗಸ್ಟ್ 1941ರಲ್ಲಿ, ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ಹಾರ್ಲೊ ವಿಮಾನವು ಆಕಾಶಕ್ಕೇರಿತು. ಕಟ್ಟಡಗಳು ಮೇಲೇಳುತ್ತಿರುವಾಗಲೇ, ವಿಮಾನ ಕಟ್ಟಿದ ಅನುಭವವಿಲ್ಲದ ಸ್ಥಳೀಯ ಕೆಲಸಗಾರರಿಗೆ ತರಬೇತಿ ನೀಡುತ್ತಲೇ ಈ ಕಾರ್ಯವನ್ನು ಸಾಧಿಸಲಾಗಿತ್ತು. ಲಘು ವಿಮಾನದಿಂದ ಆರಂಭಿಸಿದ್ದರ ಪ್ರಯೋಜನವೂ ಇದೇ ಆಗಿತ್ತು. ತಗಡನ್ನು ಅಳತೆಗೆ ಕತ್ತರಿಸುವುದು, ರಿವೆಟ್ ಹೊಡೆಯುವುದು, ರೆಕ್ಕೆಯನ್ನು ಒಡಲಿಗೆ ಜೋಡಿಸುವುದು, ಪ್ರತಿಯೊಂದು ಭಾಗವನ್ನೂ ಪರೀಕ್ಷಿಸಿ ದಾಖಲಿಸುವುದು ಮುಂತಾದ ಕೌಶಲಗಳನ್ನು ಸರಳ ವಿಮಾನದ ಮೇಲೆ ಕಲಿತು, ನಂತರ ದೊಡ್ಡ ವಿಮಾನಗಳತ್ತ ಸಾಗಬಹುದಾಗಿತ್ತು. ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಸಂಶೋಧನೆ ನಡೆಸಿದ್ದ ಡಾ. ವಿ. ಎಂ. ಘಾಟಗೆ ಅವರು ಈ ಅವಧಿಯಲ್ಲಿಯೇ ಕಾರ್ಖಾನೆಯನ್ನು ಸೇರಿ, ಸೈನಿಕರನ್ನು ಸಾಗಿಸಬಲ್ಲ ಗ್ಲೈಡರ್ ಒಂದನ್ನು ವಿನ್ಯಾಸಗೊಳಿಸಿದರು.

ಒಡೆತನದ ಅಂತ್ಯ

ಡಿಸೆಂಬರ್ 1941ರಲ್ಲಿ ಜಪಾನ್ ಯುದ್ಧಕ್ಕೆ ಇಳಿಯಿತು. ಫೆಬ್ರವರಿ 1942ರಲ್ಲಿ ಸಿಂಗಾಪುರವು, ಮಾರ್ಚ್ ತಿಂಗಳಲ್ಲಿ ರಂಗೂನ್ ನಗರವು ಜಪಾನೀಯರ ವಶವಾದವು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬ್ ದಾಳಿ ನಡೆಯಿತು. ಪೂರ್ವ ದಿಕ್ಕಿನ ವಿಮಾನ ದುರಸ್ತಿ ನೆಲೆಗಳು ಕೈತಪ್ಪಿದ್ದರಿಂದ, ಹೊಸ ವಿಮಾನಗಳನ್ನು ತಯಾರಿಸುವುದಕ್ಕಿಂತ ಇರುವ ವಿಮಾನಗಳನ್ನು ದುರಸ್ತಿ ಮಾಡುವುದು ಸರ್ಕಾರಕ್ಕೆ ಹೆಚ್ಚು ತುರ್ತಾಗಿ ಕಂಡಿತು.

ಏಪ್ರಿಲ್ 1942ರಲ್ಲಿ ಭಾರತ ಸರ್ಕಾರವು ವಾಲ್‌ಚಂದ್ ಮತ್ತು ಅವರ ಸಹವರ್ತಿಗಳ ಷೇರುಗಳನ್ನು ಹಣ ಕೊಟ್ಟು ಖರೀದಿಸಿ, ಕಾರ್ಖಾನೆಯ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮೈಸೂರು ಸರ್ಕಾರವು ತನ್ನ ಷೇರುಗಳನ್ನು ಮಾರಲಿಲ್ಲ. ಆದರೆ ಯುದ್ಧ ಮುಗಿಯುವವರೆಗೆ ಆಡಳಿತದಲ್ಲಿ ಭಾಗವಹಿಸದಿರಲು ಒಪ್ಪಿಕೊಂಡಿತು. ಜುಲೈ 1942ರಲ್ಲಿ ಮೊದಲ ಹಾಕ್ ಯುದ್ಧ ವಿಮಾನವು ಪರೀಕ್ಷಾ ಹಾರಾಟ ನಡೆಸಿದಾಗ ಕಂಪನಿಯಲ್ಲಿ ವಾಲ್‌ಚಂದ್ ಅವರ ಪಾಲು ಉಳಿದಿರಲಿಲ್ಲ. ತಯಾರಿಕೆಯ ಯೋಜನೆಯನ್ನು ಕೈಬಿಡಲಾಯಿತು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಯ ನಿರ್ವಹಣೆಗೆ ವಹಿಸಲಾಯಿತು ಮತ್ತು ಯುದ್ಧಾಂತ್ಯದವರೆಗೆ ಅಲ್ಲಿ ಅಪಾರ ಸಂಖ್ಯೆಯ ವಿಮಾನಗಳು ಹಾಗೂ ಎಂಜಿನ್‌ಗಳು ದುರಸ್ತಿಗೊಂಡವು.

ಈ ಸ್ವಾಧೀನವನ್ನು ಎರಡು ಬಗೆಯಾಗಿ ನೋಡಬಹುದಾಗಿದೆ. ಯುದ್ಧದ ಅಗತ್ಯವು ನಿಜವಾಗಿತ್ತು. ಷೇರುಗಳಿಗೆ ಹಣವನ್ನೂ ಪಾವತಿಸಲಾಗಿತ್ತು. ಆದರೆ ಭಾರತೀಯರ ಬಂಡವಾಳದಿಂದ ಭಾರತದಲ್ಲಿಯೇ ವಿಮಾನ ತಯಾರಿಸುವ ಪ್ರಯತ್ನವು ಮೊಳಕೆಯಲ್ಲೇ ನಿಂತಿತು. ಸ್ವಂತ ವಿನ್ಯಾಸದ ವಿಮಾನಕ್ಕಾಗಿ ದೇಶವು ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

ಉಳಿದ ಉದ್ಯಮಗಳು ಮತ್ತು ಕೊನೆಯ ದಿನಗಳು

ವಿಮಾನ ಕಾರ್ಖಾನೆಯು ಕೈಬಿಟ್ಟ ನಂತರವೂ ವಾಲ್‌ಚಂದ್ ಅವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ವಿಶಾಖಪಟ್ಟಣದ ಹಡಗು ನಿರ್ಮಾಣ ಕಟ್ಟೆಗೆ ದಿನಾಂಕ 21-06-1941ರಂದು ಡಾ. ರಾಜೇಂದ್ರ ಪ್ರಸಾದ್ ಅವರು ಶಂಕುಸ್ಥಾಪನೆ ನೆರವೇರಿಸಿದ್ದರು. ಯುದ್ಧದ ಕಾರಣ ವಿಳಂಬವಾದ ಕೆಲಸವನ್ನು ಮುಂದುವರಿಸಲಾಯಿತು. ಅಲ್ಲಿ ನಿರ್ಮಾಣಗೊಂಡ ಜಲ ಉಷಾ ಹಡಗನ್ನು ದಿನಾಂಕ 14-03-1948ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ನೀರಿಗಿಳಿಸಿದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಲಾಯಿತು. ಅದರ ಮುಂಬಯಿಯ ಕುರ್ಲಾ ಕಾರ್ಖಾನೆಯಿಂದ 1947ರಲ್ಲಿ ವಾಹನಗಳು ಹೊರಬಂದವು. ವಿಶ್ವೇಶ್ವರಯ್ಯನವರು ಒಂದು ದಶಕದ ಹಿಂದೆ ಕಂಡ ಕನಸು ಹೀಗೆ ಬೇರೊಂದು ಸ್ಥಳದಲ್ಲಿ ನನಸಾಯಿತು.

1949ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ವಾಲ್‌ಚಂದ್ ಅವರು 1950ರಲ್ಲಿ ವ್ಯವಹಾರಗಳಿಂದ ನಿವೃತ್ತರಾದರು. 1952ರಲ್ಲಿ ಹಡಗು ಕಟ್ಟೆಯ ಬಹುಪಾಲು ಒಡೆತನವೂ ಸರ್ಕಾರಕ್ಕೆ ಸೇರಿತು. ದಿನಾಂಕ 08-04-1953ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ನಿಧನರಾದರು. ಅವರ ಹೆಸರನ್ನು ಸಾಂಗ್ಲಿಯ ಎಂಜಿನಿಯರಿಂಗ್ ಕಾಲೇಜು ಮತ್ತು ಪುಣೆ ಜಿಲ್ಲೆಯ ವಾಲ್‌ಚಂದ್‌ನಗರ ಇಂದಿಗೂ ಉಳಿಸಿಕೊಂಡಿವೆ.

ನಂತರದ ಬೆಳವಣಿಗೆ

ಡಾ. ಘಾಟಗೆ ಅವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್.ಟಿ.–2 ತರಬೇತಿ ವಿಮಾನವು ಆಗಸ್ಟ್ 1951ರಲ್ಲಿ ಬೆಂಗಳೂರಿನಲ್ಲಿ ಮೊದಲ ಹಾರಾಟ ನಡೆಸಿತು. ಹಾರ್ಲೊ ವಿಮಾನವು ಹಾರಿದ ಸರಿಯಾಗಿ ಹತ್ತು ವರ್ಷಗಳ ನಂತರ, ಅದೇ ನೆಲದಿಂದ ಭಾರತೀಯ ವಿನ್ಯಾಸದ ಲಘು ವಿಮಾನವು ಮೇಲೇರಿತು. ಆಗ ವಾಲ್‌ಚಂದ್ ಅವರು ಜೀವಂತವಾಗಿದ್ದರು. 1958ರಲ್ಲಿ ಹಾರಿದ ಪುಷ್ಪಕ್ ಎಂಬ ಎರಡು ಆಸನಗಳ ಲಘು ವಿಮಾನವು ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಅನೇಕ ಪೈಲಟ್‌ಗಳಿಗೆ ಮೊದಲ ಪಾಠ ಹೇಳಿತು. ದಿನಾಂಕ 01-10-1964ರಂದು ಕಂಪನಿಯು ಮತ್ತೊಂದು ಸರ್ಕಾರಿ ಸಂಸ್ಥೆಯೊಂದಿಗೆ ವಿಲೀನಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ಹೆಸರನ್ನು ಪಡೆಯಿತು. ಇದೇ ಆವರಣದ ವಿಮಾನ ನಿಲ್ದಾಣವು ಮೇ 2008ರವರೆಗೆ ಬೆಂಗಳೂರಿನ ಸಾರ್ವಜನಿಕ ವಿಮಾನ ನಿಲ್ದಾಣವಾಗಿಯೂ ಸೇವೆ ಸಲ್ಲಿಸಿತು.

ಉದ್ಯಮಾಸಕ್ತರು ಗಮನಿಸಬೇಕಾದ ಅಂಶಗಳು

ಉದ್ಯಮ ಸ್ಥಾಪನೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರಿಗೆ ಈ ಚರಿತ್ರೆಯು ಕೆಲವು ವಿಷಯಗಳನ್ನು ತಿಳಿಸುತ್ತದೆ.

1. ಜಮೀನು, ವಿದ್ಯುತ್, ಬಂಡವಾಳ, ಅನುಮತಿ ಮತ್ತು ಖರೀದಿದಾರ ಈ ಐದೂ ಕೂಡಿದಾಗ ಮಾತ್ರ ಕಾರ್ಖಾನೆಯು ನಡೆಯುತ್ತದೆ. ವಾಲ್‌ಚಂದ್ ಅವರು ಮೊದಲ ಇಟ್ಟಿಗೆ ಇಡುವ ಮುನ್ನವೇ ಈ ಐದನ್ನೂ ಹೊಂದಿಸಿಕೊಂಡಿದ್ದರು.

2. ಒಬ್ಬನೇ ಖರೀದಿದಾರನನ್ನು ನಂಬಿದ ಉದ್ಯಮವು ಆ ಖರೀದಿದಾರನ ಅಗತ್ಯ ಬದಲಾದ ದಿನವೇ ಬದಲಾಗಬೇಕಾಗುತ್ತದೆ. ವಿಮಾನ ಕಾರ್ಖಾನೆಯಲ್ಲಿ ಆದದ್ದೂ ಇದೇ.

3. ಪಾಲುದಾರರ ಹಕ್ಕು ಮತ್ತು ಹೊಣೆಗಳನ್ನು ಆರಂಭದಲ್ಲಿಯೇ ಲಿಖಿತವಾಗಿ ನಿಗದಿಪಡಿಸಿಕೊಳ್ಳುವುದು ಅವಶ್ಯ. ಪಾಲುದಾರರಲ್ಲೊಬ್ಬರು ಹೊರನಡೆದರೆ ಸಂಸ್ಥೆಯು ಹೇಗೆ ಮುಂದುವರಿಯಬೇಕೆಂಬುದೂ ಅದರಲ್ಲಿ ಸೇರಿರಬೇಕು.

4. ಒಡೆತನವು ಕೈಬದಲಾದರೂ ಕೆಲಸಗಾರರು ಕಲಿತ ವಿದ್ಯೆಯು ಉಳಿಯುತ್ತದೆ. 1941ರಲ್ಲಿ ಸಣ್ಣ ವಿಮಾನವೊಂದನ್ನು ಜೋಡಿಸುತ್ತಾ ಆರಂಭವಾದ ಕಲಿಕೆಯೇ ಬೆಂಗಳೂರಿನ ವಿಮಾನ ಉದ್ಯಮದ ಮೊದಲ ಆಸ್ತಿಯಾಯಿತು.

ಪ್ರಮುಖ ದಿನಾಂಕಗಳು

23-11-1882 – ಸೊಲ್ಲಾಪುರದಲ್ಲಿ ಜನನ
05-04-1919 – ಲಾಯಲ್ಟಿ ಹಡಗಿನ ಮೊದಲ ಯಾನ
1926 – ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯ ಸ್ಥಾಪನೆ
23-12-1940 – ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ ನೋಂದಣಿ
21-06-1941 – ವಿಶಾಖಪಟ್ಟಣದ ಹಡಗು ಕಟ್ಟೆಗೆ ಶಂಕುಸ್ಥಾಪನೆ
ಆಗಸ್ಟ್ 1941 – ಬೆಂಗಳೂರಿನಲ್ಲಿ ಹಾರ್ಲೊ ವಿಮಾನದ ಹಾರಾಟ
ಏಪ್ರಿಲ್ 1942 – ವಿಮಾನ ಕಾರ್ಖಾನೆಯ ಆಡಳಿತವು ಸರ್ಕಾರದ ವಶಕ್ಕೆ
1944 – ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆ
14-03-1948 – ಜಲ ಉಷಾ ಹಡಗಿನ ಜಲಾವತರಣ
08-04-1953 – ಸಿದ್ಧಪುರದಲ್ಲಿ ನಿಧನ